ಬಾಣಂತನದಲ್ಲಿ ಬಂದ ತಾರೀಕು

ಏಪ್ರಿಲ್ 22, 2007, ಭಾನುವಾರ

ರೇಖಾಳನ್ನು ವಿಮಾನ ಹತ್ತಿಸಿ ಬಂದೆ. ನಾವಿರುವ ಊರು ವಾಲ್‌ನಟ್‌ಗೆ ಮರಳುವಾಗ ಭಾನುವಾರ ಕೂಡ ಟ್ರಾಫಿಕ್. ಷೂ ಬಿಚ್ಚದೆ ಸೋಫಾದ ಮೇಲೆ ಕೂತವನು ಕತ್ತಲಾಗುವ ತನಕ ಏಳಲಿಲ್ಲ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲವೆಂದು ಈ ಬರೆಯುವ ಚಟ ಹಚ್ಚಿಕೊಳ್ಳುತ್ತಿದ್ದೇನೆ. ಎಷ್ಟು ದಿನ ನಡೆಯುತ್ತದೋ ನೋಡೋಣ.

ಮೊದಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ಗದಗಿನ ಅತ್ತೆ ಚೆನ್ನಮ್ಮನವರ ಹಟ. ಹಟ ಅವರೊಬ್ಬರದೇ ಅಂದರೆ ಸುಳ್ಳಾದೀತು. ನನಗೂ ಅದೇ ಸಲೀಸಾಗಿ ಕಂಡಿತು. ಇಲ್ಲಿ ಬಾಣಂತನ ಮಾಡುವವರು ಯಾರು? ನನಗೆ ಅನ್ನ ಮಾಡಲು ಬಂದರೆ ಸಾರು ಮಾಡಲು ಬರುವುದಿಲ್ಲ. ರೇಖಾ ಮಾತ್ರ ಹೊರಡುವ ತನಕ ತಕರಾರು ತೆಗೆಯುತ್ತಲೇ ಇದ್ದಳು. "ನಾ ಅಲ್ಲಿದ್ದಾಗ ಡೇಟ್ ಬಂತಂದ್ರ ಏನ್ ಮಾಡೂದ್ರಿ?" ಎಂದು ಕೇಳಿದಳು. ನಾನು ನಕ್ಕೆ.

ಡೇಟ್ ಎಂದರೆ ನಮ್ಮ ಸರದಿಯ ತಾರೀಕು. ಕಂಪನಿಯವರು ನನ್ನ ಗ್ರೀನ್ ಕಾರ್ಡಿನ ಮೊದಲ ಅರ್ಜಿ ಹಾಕಿದ್ದು 2003ರ ಸೆಪ್ಟೆಂಬರಿನಲ್ಲಿ. ಯಾವ ತಾರೀಕಿನ ಹಿಂದಿನವರು ಕೊನೆಯ ಅರ್ಜಿ ಕೊಡಬಹುದು ಎಂದು ಸರಕಾರ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಭಾರತದವರ ಸಾಲು 2001ರಲ್ಲೇ ಕಾಲು ಮುರಿದುಕೊಂಡು ಕೂತಿದೆ. ಇನ್ನು ಮೂರು ವರ್ಷ ಅಲುಗಾಡುವುದಿಲ್ಲವೆಂದು ಕಂಪನಿಯ ವಕೀಲೆ ಹೇಳಿದ್ದಾಳೆ. ಆ ಅರ್ಜಿ ಕೊಡುವಾಗ, ಗಂಡನಾಗಲಿ ಹೆಂಡತಿಯಾಗಲಿ, ಕೊಡುವವರು ಈ ದೇಶದ ನೆಲದ ಮೇಲಿರಬೇಕು. ಕೊಟ್ಟ ಮೂರು ತಿಂಗಳಿಗೆ ರೇಖಾಳಿಗೆ ಕೆಲಸ ಮಾಡುವ ಪರ್ಮಿಟ್ ಬರುತ್ತದೆ. ಅಲ್ಲಿಯ ತನಕ ಅವಳು ನನ್ನ ವೀಸಾದ ಬಾಲ.

ಗದಗಿನ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು ಅವಳು. ಇಲ್ಲಿ ಐದು ವರ್ಷದಿಂದ ಪಕ್ಕದ ಶಾಲೆಯಲ್ಲಿ ಬಿಟ್ಟಿಯಾಗಿ ಮಕ್ಕಳಿಗೆ ಲೆಕ್ಕ ಕಲಿಸುತ್ತಾಳೆ. ಪರ್ಮಿಟ್ ತಂದ ಮರುದಿನವೇ ಕೆಲಸ ಕೊಡುತ್ತೇನೆಂದು ಆ ಪ್ರಿನ್ಸಿಪಾಲ್ ಹೇಳಿದ್ದಾಳಂತೆ. ನನ್ನ ಆಸೆ ಬೇರೆ. ಗ್ರೀನ್ ಕಾರ್ಡ್ ಕೈಗೆ ಬಂದ ಮರುದಿನ ಮ್ಯಾನೇಜರ್ ಮೇಜಿನ ಮೇಲೆ ರಾಜೀನಾಮೆ ಇಟ್ಟು ತಿರುಗಿ ನೋಡದೆ ನಡೆಯಬೇಕು. ಸ್ಯಾನ್ ಪೀಡ್ರೊ ಬಂದರಿನ ಕ್ರೇನ್‌ಗಳನ್ನು ತಪಾಸಣೆಗೆಂದು ಹತ್ತಿ ಇಳಿದು ಮೊಣಕಾಲು ಸವೆದಿವೆ.

ಮೇ 17

ಸಾಲು ಒಮ್ಮೆಲೇ ಎರಡು ವರ್ಷ ಮುಂದೆ ಹಾರಿ 2003ರ ಜೂನ್‌ಗೆ ಬಂದಿದೆ. ನಮ್ಮದು ಸೆಪ್ಟೆಂಬರ್. ಮಧ್ಯೆ ಮೂರೇ ತಿಂಗಳು.

ಸ್ಯಾನ್ ಡಿಯಾಗೊದ ಹೆಡ್ ಆಫೀಸಿನಲ್ಲಿರುವ ಅಕ್ಬರ್ ಪಾಷಾ ಅವರಿಗೆ ಫೋನ್ ಮಾಡಿದೆ. ಮೈಸೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರು ಕೊನೆಯ ಅರ್ಜಿ ಕೊಟ್ಟೇ ನಾಲ್ಕು ವರ್ಷವಾಯಿತು, ಭದ್ರತೆಯವರ ಹೆಸರಿನ ತಪಾಸಣೆ ಮುಗಿದಿಲ್ಲವಂತೆ. "ನನ್ ಹೆಸ್ರು ಅವ್ರಿಗೆ ಇನ್ನೂ ಓದಕ್ಕೆ ಬಂದಿಲ್ಲ ಕಣ್ರಿ" ಎಂದು ನಗುತ್ತಾರೆ. ಆ ಮೂರು ತಿಂಗಳು ದಾಟಲು ಒಂದು ವರ್ಷ ಬೇಕು, ಆರಾಮಾಗಿರಿ ಎಂದರು. ಆರಾಮಾದೆ.

ಜೂನ್ 14

ಜುಲೈ ತಿಂಗಳಿಗೆ ಎಲ್ಲರಿಗೂ ಬಾಗಿಲು ತೆಗೆದಿದ್ದಾರೆ. ತಾರೀಕು ಗೀರೀಕು ಏನೂ ಇಲ್ಲ, ಯಾರು ಬೇಕಾದರೂ ಅರ್ಜಿ ಕೊಡಬಹುದು. ಆಫೀಸಿನಲ್ಲಿ ಗುಜರಾತಿ ಹುಡುಗನೊಬ್ಬ ಪೇಡೆ ಹಂಚಿದ. ನನ್ನ ಕೈಯಲ್ಲೂ ಒಂದು ಇಟ್ಟ.

ರೇಖಾಳಿಗೆ ಒಂಬತ್ತು ತಿಂಗಳು. ಯಾವ ವಿಮಾನದವರೂ ಹತ್ತಿಸಿಕೊಳ್ಳುವುದಿಲ್ಲ. ಅಲ್ಲಿಯ ಲೇಡಿ ಡಾಕ್ಟರಂತೂ ಕೇಳುವುದಕ್ಕೂ ಮೊದಲೇ ಬೇಡವೆಂದು ಕೈಯಾಡಿಸಿಬಿಟ್ಟರಂತೆ.

ಜೂನ್ 16

ತೀರ್ಮಾನ ಮಾಡಿದ್ದೇನೆ. ನನ್ನ ಅರ್ಜಿ ನಾನು ಹಾಕಿಬಿಡುವುದು, ಅವಳದು ಮುಂದೆ ನೋಡುವುದು. ಬಾಗಿಲು ಮತ್ತೆ ಮುಚ್ಚಿದರೆ ಅವಳದಕ್ಕೆ ಐದು ವರ್ಷವೂ ಆಗಬಹುದು, ಹೆಚ್ಚೂ ಆಗಬಹುದು ಎಂದು ವಕೀಲೆ ಎಚ್ಚರಿಸಿದಳು. ಆಗಲಿ, ಇಬ್ಬರೂ ಮುಳುಗುವುದಕ್ಕಿಂತ ಒಬ್ಬರಾದರೂ ದಡ ಸೇರುವುದು ವಾಸಿ.

ರೇಖಾಳಿಗೆ ಹೇಳಿದೆ. "ಹೂಂ" ಅಂದಳು. ಆಮೇಲೆ, ಕಾಲು ಬಾತಿವೆ, ನೀರಲ್ಲಿಟ್ಟುಕೊಂಡು ಕೂತಿದ್ದೇನೆ ಎಂದಳು.

ಜುಲೈ 2, ಸೋಮವಾರ

ಬಾಗಿಲು ಮುಚ್ಚಿತು. ತೆರೆದ ಮೊದಲ ಕೆಲಸದ ದಿನವೇ ಒಂದು ಅರ್ಜಿಯನ್ನೂ ತೆಗೆದುಕೊಳ್ಳುವುದಿಲ್ಲವೆಂದು ಪ್ರಕಟಿಸಿಬಿಟ್ಟರು. ಎರಡು ವಾರದಿಂದ ಜನ ಇಂಜೆಕ್ಷನ್ ಚುಚ್ಚಿಸಿಕೊಂಡು, ಫೋಟೊ ತೆಗೆಸಿಕೊಂಡು ಸಾಲು ನಿಂತದ್ದೆಲ್ಲ ನೀರಲ್ಲಿ ಹೋಮ. ಪೇಡೆ ಹಂಚಿದ ಹುಡುಗ ಊಟಕ್ಕೂ ಏಳಲಿಲ್ಲ.

ನನಗೂ ಬೇಸರವಾಗಬೇಕಿತ್ತು. ನಿಜ ಹೇಳಬೇಕೆಂದರೆ ಹಗುರವಾಯಿತು. ರೇಖಾಳಿಗೆ ಫೋನ್ ಮಾಡಿ, ಇನ್ನು ನನ್ನದೂ ಇಲ್ಲ ನಿನ್ನದೂ ಇಲ್ಲ ಎಂದೆ. ಅವಳು ನಕ್ಕಳು. ಬಹಳ ದಿನದ ಮೇಲೆ ಇಬ್ಬರೂ ಹಾಳುಮೂಳು ಮಾತಾಡಿದೆವು.

ಜುಲೈ 11

ಹೆಣ್ಣು ಕೂಸು. ಕ್ರೇನಿನ ತುದಿಯಲ್ಲಿ, ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಬೋಲ್ಟ್ ನೋಡುತ್ತಿದ್ದಾಗ ಫೋನ್ ಬಂತು. ಗಾಳಿಯ ಸದ್ದಿಗೆ ಅತ್ತೆಯವರ ಮಾತು ಅರ್ಧವೂ ಕೇಳಲಿಲ್ಲ, ಅಳು ಮಾತ್ರ ಕೇಳಿತು. ಅದು ಕೂಸಿನದೋ ಅತ್ತೆಯವರದೋ ಗೊತ್ತಾಗಲಿಲ್ಲ.

ಕೆಳಗಿಳಿದು ಮತ್ತೆ ಫೋನ್ ಮಾಡಿ ಕೇಳಿಸಿಕೊಂಡೆ.

ಜುಲೈ 18

ಬಾಗಿಲು ಮತ್ತೆ ತೆರೆದಿದ್ದಾರೆ. ಆಗಸ್ಟ್ 17ರ ತನಕ ಯಾರು ಬೇಕಾದರೂ ಕೊಡಬಹುದಂತೆ. ಇದೇನು ಸರಕಾರವೋ, ಬಾಗಿಲ ಜತೆ ಆಟವಾಡುವ ಮಗುವೋ.

ಹಸಿ ಬಾಣಂತಿ, ವಾರದ ಕೂಸು. ರೇಖಾಳ ವೀಸಾ ಇನ್ನೂ ಚಾಲ್ತಿಯಲ್ಲಿದೆ, ಬರಬಹುದು. ಕೂಸಿಗೆ ಮಾತ್ರ ಪಾಸ್‌ಪೋರ್ಟ್ ಆಗಬೇಕು, ಆಮೇಲೆ ಚೆನ್ನೈಗೆ ಹೋಗಿ ವೀಸಾ ತರಬೇಕು. ಸೆಪ್ಟೆಂಬರಿಗೂ ಮೊದಲು ಆಗುವ ಮಾತಲ್ಲ. ಅಂದಮೇಲೆ ಜೂನಿನ ತೀರ್ಮಾನವೇ ತೀರ್ಮಾನ. ನಾನೊಬ್ಬನೇ ಹಾಕುತ್ತೇನೆ. ನಾಳೆ ಹೇಳುತ್ತೇನೆ.

ಜುಲೈ 20

ಹೇಳಲು ಬಿಡಲೇ ಇಲ್ಲ. ಫೋನ್ ಎತ್ತಿದವಳೇ "ನಾ ಬರ್ತೀನ್ರಿ" ಅಂದಳು. "ಕೂಸಿನ್ನ ಅವ್ವನ ಕಡೆ ಬಿಟ್ಟು ಬರ್ತೀನಿ. ಸಹಿ ಮಾಡಿ ಹತ್ತು ದಿನಕ್ಕ ಹೊಳ್ಳಿ ಬರ್ತೀನಿ. ಟಿಕೆಟ್ ತಗೀರಿ."

ಯಾವ ಕೂಸನ್ನು ಎಂದು ಕೇಳುವಷ್ಟು ದಡ್ಡನಾದೆ ಒಂದು ಕ್ಷಣ. ಹಿಂದಿನಿಂದ ಅತ್ತೆಯವರು ಕೂಗಾಡುತ್ತಿದ್ದರು. ಅವಳ ಹಿರಿಯಣ್ಣ ವೀರಣ್ಣನೂ ಅಲ್ಲೇ ಇದ್ದನೆಂದು ಕಾಣುತ್ತದೆ, ನಮ್ಮ ಮನೆತನದಾಗ ಹಿಂಗ ಯಾರೂ ಮಾಡಿಲ್ಲ ಎನ್ನುತ್ತಿದ್ದ. ಕೊನೆಗೆ ಅತ್ತೆಯವರು ಫೋನ್ ಕಸಿದುಕೊಂಡರು.

"ಅಳಿಯಾರ, ನೀವರ ಒಂದು ಮಾತು ಹೇಳ್ರಿ. ಹಸಿ ಮೈ ಐತಿ. ಎದಿ ಹಾಲು ಕುಡಿಯೂ ಕೂಸು. ಬ್ಯಾಡ ಅನ್ರಿ ಸಾಕು, ನಿಮ್ಮ ಮಾತು ಕೇಳ್ತಾಳ."

ಬೇಡ ಎನ್ನಲು ಬಾಯಿ ತೆರೆದೆ. ಮಾತು ಬರಲಿಲ್ಲ. ಬಾ ಅನ್ನಲೂ ಇಲ್ಲ. ಆ ಕಡೆ ಅವರು ಕಾದರು, ಈ ಕಡೆ ನಾನು ಫೋನ್ ಹಿಡಿದು ನಿಂತೇ ಇದ್ದೆ. ಕೊನೆಗೆ ರೇಖಾ ಫೋನ್ ತೆಗೆದುಕೊಂಡು, ಮುಂಬೈಯಿಂದ ಟಿಕೆಟ್ ತೆಗೆಯಿರಿ ಅಂದಳು.

ದಣಿದಿದ್ದೆ, ಅದೊಂದು ಕಾರಣ. ಇನ್ನೊಂದು ಕಾರಣ ಬರೆಯಲು ಮನಸ್ಸಿಲ್ಲ.

ಜುಲೈ 23

ಇವತ್ತು ರಜೆ ಹಾಕಿ ಮನೆಯಲ್ಲಿದ್ದೆ. ಬೆಳಗ್ಗೆ ಹತ್ತು ಗಂಟೆಗೆ ಈ ಕಾಂಪ್ಲೆಕ್ಸಿನಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ. ಕಿಟಕಿಯಿಂದ ನೋಡಿದರೆ ಖಾಲಿ ಪಾರ್ಕಿಂಗ್, ಹುಲ್ಲು ಕತ್ತರಿಸುವ ಮೆಷಿನ್ ಸದ್ದು. ಹನ್ನೊಂದಕ್ಕೆ ಟಪಾಲಿನವಳು ಬಂದಳು. ನನ್ನನ್ನು ನೋಡಿ, ನಿನ್ನ ಹೆಂಡತಿ ಎಲ್ಲಿ, ದಿನಾ ಮಾತಾಡಿಸುತ್ತಿದ್ದಳು ಎಂದಳು. ಆಮೇಲೆ ಸಂಜೆಯ ತನಕ ಯಾರೂ ಬರಲಿಲ್ಲ.

ಐದು ವರ್ಷ ಇಲ್ಲಿ ಅವಳು ಏನು ಮಾಡುತ್ತಿದ್ದಳೋ. ನಾನು ಕೇಳಿದ ನೆನಪಿಲ್ಲ. ಊಟಕ್ಕೆ ಏನಿದೆ ಎಂದು ಕೇಳಿದ ನೆನಪಿದೆ.

ಆಗಸ್ಟ್ 4, ಶನಿವಾರ

ಬಂದಳು. ಆಗಸ್ಟ್ ಬಿಸಿಲಿನಲ್ಲಿ ಸ್ವೆಟರ್, ತಲೆಗೆ ಸ್ಕಾರ್ಫ್, ಕಿವಿಯಲ್ಲಿ ಹತ್ತಿ. ಹತ್ತಿ ತೆಗೆಯುವುದಿಲ್ಲ ಎಂದು ಅವ್ವನಿಗೆ ಮಾತು ಕೊಟ್ಟು ಬಂದಿದ್ದಾಳಂತೆ. ಸ್ವೆಟರ್ ಎದೆಯ ಹತ್ತಿರ ಒದ್ದೆಯಾಗಿ ಒಣಗಿ ಗಡುಸಾಗಿತ್ತು. ನಾನು ನೋಡಿದ್ದನ್ನು ನೋಡಿ ಬ್ಯಾಗನ್ನು ಎದೆಗೆ ಅವಚಿಕೊಂಡಳು.

ಕಾರಿನಲ್ಲಿ ಅರ್ಧ ದಾರಿಗೆ ಗಡಿಯಾರ ನೋಡಿ, "ಈಗ ಎದ್ದಿರತೈತಿ" ಅಂದಳು. ನಾನು ಲೇನ್ ಬದಲಿಸಿದೆ.

ಆಗಸ್ಟ್ 8

ಅರ್ಜಿಗೆ ಬೇಕಾದ ಮೆಡಿಕಲ್ ಮುಗಿಯಿತು. ಕ್ಷಯದ ಪರೀಕ್ಷೆಗೆ ಮೊಳಕೈ ಕೆಳಗೆ ಚುಚ್ಚಿದರು. ನಮಗೆಲ್ಲ ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿರುವುದರಿಂದ ಇಬ್ಬರಿಗೂ ಎರಡೇ ದಿನದಲ್ಲಿ ರೊಟ್ಟಿಯಂತೆ ಉಬ್ಬಿತು. ಅದಕ್ಕೆ ಎದೆಯ ಎಕ್ಸ್‌ರೇ. ಎಕ್ಸ್‌ರೇ ತೆಗೆಯುವ ಹುಡುಗಿ ರೇಖಾಳ ಫಾರ್ಮಿನಲ್ಲಿ ಹೆರಿಗೆಯ ತಾರೀಕು ನೋಡಿ, ಮಗುವನ್ನು ಯಾರ ಹತ್ತಿರ ಬಿಟ್ಟು ಬಂದೆ ಎಂದು ಸಹಜವಾಗಿ ಕೇಳಿದಳು. ತಾಯಿಯ ಹತ್ತಿರ ಎಂದಳು ರೇಖಾ. ಹತ್ತಿರದಲ್ಲೇ ಇದ್ದಾರಾ ಎಂದಳು ಹುಡುಗಿ. ಹೂಂ, ಹತ್ತಿರದಲ್ಲೇ ಎಂದಳು.

ರಾತ್ರಿ ಜ್ವರ. ಹಾಲು ಕಟ್ಟಿ ಎದೆ ಕಲ್ಲಾಗಿದೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಕೊಡುತ್ತ ಕೂತೆ. ನೀರು ಆರಿದಂತೆಲ್ಲ ಮತ್ತೆ ಕಾಯಿಸಿದೆ.

ಆಗಸ್ಟ್ 10, ಸ್ಯಾನ್ ಡಿಯಾಗೊ

ವಕೀಲೆಯ ಆಫೀಸಿಗೆ ಸಹಿಗೆ ಬಂದಿದ್ದೇವೆ. ಪಾಷಾ ಅವರ ಮನೆಯಲ್ಲಿ ಉಳಿದಿದ್ದೇವೆ. ಅವರ ಹೆಂಡತಿ ರಯೀಸಾ ಬಾಗಿಲಲ್ಲೇ ರೇಖಾಳ ಮುಖ ನೋಡಿ, ಚಹಾ ಗಿಹಾ ಆಮೇಲೆ ಎಂದು ಅವಳನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಹೊರಗೆ ಬಂದು ಪಾಷಾ ಅವರಿಗೂ ನನಗೂ ಬೈದರು. ಹಾಲು ತೆಗೆಯುವ ಪಂಪ್ ಅಂಗಡಿಯಲ್ಲಿ ಸಿಗುತ್ತದೆ, ಆರು ದಿನ ಈ ಹುಡುಗಿಯನ್ನು ಹೀಗೆ ಇಟ್ಟಿದ್ದೀರಲ್ಲ ಎಂದರು. ನನಗೆ ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ಪಾಷಾ ಅವರು ಕಾರ್ ಕೀ ತೆಗೆದುಕೊಂಡು ಸುಮ್ಮನೆ ನನ್ನ ಮುಂದೆ ನಡೆದರು. ತಂದೆವು.

ಹಾಲು ನಿಲ್ಲದಂತೆ ನೋಡಿಕೊಳ್ಳಬೇಕು, ಊರಿಗೆ ಹೋದ ಮೇಲೆ ಕೂಸಿಗೆ ಬೇಕಲ್ಲ ಎಂದು ರಯೀಸಾ ಎಲ್ಲವನ್ನೂ ಹೇಳಿಕೊಟ್ಟರು. ತೆಗೆದದ್ದನ್ನು ಸಿಂಕಿಗೆ ಸುರಿಯುವುದು ನನ್ನ ಕೆಲಸ. ಮೊದಲ ಸಲ ಸುರಿಯುವಾಗ ನಲ್ಲಿ ಜೋರಾಗಿ ಬಿಟ್ಟೆ, ಸದ್ದು ಹೊರಗೆ ಕೇಳದಿರಲೆಂದು. ಪಂಪಿನ ಬಿಡಿಭಾಗ ತೊಳೆದು ಬಟ್ಟೆಯ ಮೇಲೆ ಹರವಿದೆ. ಸಣ್ಣ ಸಣ್ಣ ರಬ್ಬರಿನ ತುಂಡುಗಳು, ಕಳೆದರೆ ಸಿಗುವುದಿಲ್ಲ.

ಸಹಿ ಮಾಡುವಾಗ ಮಕ್ಕಳ ಹೆಸರು ಬರೆಯುವ ಜಾಗ ಬಂತು. ರಕ್ಷಿತಾ ಎಂದು ಬರೆದಿದ್ದರು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಇಟ್ಟ ಹೆಸರು, ನಾನಿನ್ನೂ ಕರೆದೇ ಇಲ್ಲ. ಪಕ್ಕದಲ್ಲಿ, ಈ ಮಗು ನಿಮ್ಮ ಜತೆ ಅರ್ಜಿ ಹಾಕುತ್ತಿದೆಯೇ ಎಂಬ ಪ್ರಶ್ನೆ. ಅದೊಂದು ಖಾಲಿ ಉಳಿದಿತ್ತು. ತಾನೇ ಗುರುತು ಹಾಕುತ್ತೇನೆಂದು ವಕೀಲೆ ಪೆನ್ನು ಎತ್ತಿದಳು. ರೇಖಾ ಕಾಗದವನ್ನು ತನ್ನ ಕಡೆ ಎಳೆದುಕೊಂಡು, ಇಲ್ಲ ಎಂಬಲ್ಲಿ ತಾನೇ ಗುರುತು ಹಾಕಿದಳು. ಆಮೇಲೆ ಎದ್ದು ಬಾತ್‌ರೂಮಿಗೆ ಹೋದಳು. ಬರುವಾಗ ರಯೀಸಾ ಕೊಟ್ಟಿದ್ದ ದುಪಟ್ಟಾ ಎದೆ ತುಂಬ ಹೊದ್ದಿದ್ದಳು. ಕೂತು ಉಳಿದ ಸಹಿಗಳನ್ನೆಲ್ಲ ಮಾಡಿದಳು. ಅಕ್ಷರ ಎಲ್ಲೂ ಅಲುಗಲಿಲ್ಲ.

ನಾನು ಎರಡು ಕಡೆ ತಪ್ಪು ತಾರೀಕು ಹಾಕಿ ಬೈಸಿಕೊಂಡೆ.

ಆಗಸ್ಟ್ 14

ನಿನ್ನೆ ಅರ್ಜಿ ಹೋಯಿತು. ಇವತ್ತು ಅವಳು ಹೋದಳು. ಪಂಪ್ ಇಟ್ಟುಕೊಂಡಿದ್ದಾಳೆ, ಹತ್ತಿ ಹಾಕಿಕೊಂಡಿದ್ದಾಳೆ.

ಸೆಪ್ಟೆಂಬರ್ 3

ಕೂಸು ಎದೆ ಹಿಡಿಯುತ್ತಿಲ್ಲವಂತೆ. ಬಾಟಲಿಯೇ ಬೇಕು, ಅದೂ ಅಜ್ಜಿಯ ಕೈಯಿಂದ. ರೇಖಾ ಎತ್ತಿಕೊಂಡರೆ ಮುಖ ತಿರುಗಿಸುತ್ತದಂತೆ. ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು. ಸರಿಹೋಗುತ್ತದೆ ಎಂದೆ.

ಸೆಪ್ಟೆಂಬರ್ 19

ಸರಿಹೋಗಲಿಲ್ಲ. ಹಾಲು ನಿಂತಿತು.

ನವೆಂಬರ್ 20

ಟಪಾಲಿನವಳು ಇವತ್ತು ಬೇಗ ಬಂದಳು. ರೇಖಾಳ ವರ್ಕ್ ಪರ್ಮಿಟ್. ನನ್ನದೂ ಬಂದಿದೆ. ನನ್ನದನ್ನು ಡ್ರಾಯರಿನಲ್ಲಿ ಹಾಕಿ ಅವಳದನ್ನು ಹಿಡಿದುಕೊಂಡು ಊರಿಗೆ ಫೋನ್ ಮಾಡಿದೆ. ಅಲ್ಲಿ ಎಲ್ಲರೂ ಮಲಗಿದ್ದರು. ಅವಳೊಬ್ಬಳು ಎಚ್ಚರವಿದ್ದಳು, ಮೊದಲ ರಿಂಗಿಗೇ ಎತ್ತಿದಳು.

ಏನು ಬರೆದಿದ್ದಾರೆ ಓದಿರಿ ಎಂದಳು. ಓದಿದೆ. ಇನ್ನೊಮ್ಮೆ ಓದಿಸಿದಳು. ಹೆಸರು ಸರಿ ಇದೆಯಾ, ಫೋಟೊ ಹೇಗೆ ಬಂದಿದೆ ಎಂದು ಕೇಳಿದಳು. ಚೆನ್ನಾಗಿ ಬಂದಿದೆ ಎಂದು ಸುಳ್ಳು ಹೇಳಿದೆ. ಆಗಸ್ಟಿನ ಆ ವಾರ ತೆಗೆಸಿದ ಫೋಟೊ, ಕಣ್ಣು ಒಳಗೆ ಹೋಗಿವೆ.

ಜನವರಿ 13, 2008

ತಾಯಿ ಮಗಳು ನಿನ್ನೆ ಬಂದರು. ಆರು ತಿಂಗಳ ಮಗಳನ್ನು ಮೊದಲ ಸಲ ಎತ್ತಿಕೊಂಡೆ. ಅವಳು ನನ್ನ ಹೆಗಲ ಮೇಲಿಂದ ಬಾಗಿಲ ಕಡೆ ನೋಡಿದಳು, ಅಜ್ಜಿ ಬರುತ್ತಾಳೇನೋ ಎಂದು. ಬರಲಿಲ್ಲ. ರಾತ್ರಿಯೆಲ್ಲ ಅತ್ತಳು. ರೇಖಾ ಎತ್ತಿದರೂ ಅಳು, ನಾನು ಎತ್ತಿದರೂ ಅಳು. ಯಾರ ಕೈಗೂ ಭೇದವಿಲ್ಲ.

ರಕ್ಷಿತಾ ಈಗ ನನ್ನ ವೀಸಾದ ಮೇಲೆ ಇದ್ದಾಳೆ. ಬಾಗಿಲು ಮುಚ್ಚಿಯಾಗಿದೆ, ಅವಳ ಅರ್ಜಿ ಯಾವಾಗಲೋ. ಅಲ್ಲಿಯ ತನಕ ನಾನು ಈ ವೀಸಾ ಬಿಡುವಂತಿಲ್ಲ. ಈ ಕಂಪನಿ, ಈ ಕ್ರೇನ್. ಇರಲಿ. ಮ್ಯಾನೇಜರನ ಹತ್ತಿರ ಮೂರು ವಾರ ರಜೆ ಕೇಳಿದ್ದೆ, ಒಳ್ಳೆಯವನು, ಕೊಟ್ಟ.

ಜನವರಿ 28, ಸೋಮವಾರ

ಇವತ್ತು ರೇಖಾ ಶಾಲೆಗೆ ಹೋದಳು. ಸಂಬಳದ ಕೆಲಸ. ಪರ್ಮಿಟ್ ತಂದ ಮರುದಿನ ಕೊಡುತ್ತೇನೆಂದಿದ್ದ ಪ್ರಿನ್ಸಿಪಾಲ್ ಎರಡು ವಾರ ತೆಗೆದುಕೊಂಡಳು, ಅಷ್ಟೇ. ಗುರುವಾರ ಅತ್ತೆಯವರು ಬರುತ್ತಾರೆ, ವೀಸಾ ಸಿಕ್ಕಿದೆ. ಅಲ್ಲಿಯ ತನಕ ನಾನು ಮತ್ತು ರಕ್ಷಿತಾ.

ಬಾಟಲಿಯ ರಬ್ಬರು ಸ್ವಲ್ಪ ಬೆಚ್ಚಗಿದ್ದರೆ ಬೇಗ ಹಿಡಿಯುತ್ತಾಳೆ. ಎಡಗೈಯಲ್ಲಿ ಹಿಡಿದರೆ ಮಲಗುತ್ತಾಳೆ, ಬಲಗೈಯಲ್ಲಿ ಮಲಗುವುದಿಲ್ಲ. ಮಧ್ಯಾಹ್ನ ಅವಳನ್ನೆತ್ತಿಕೊಂಡು ಕಿಟಕಿಯಲ್ಲಿ ನಿಂತಿದ್ದೆ. ಕೆಳಗೆ ಯಾರಾದರೂ ಹೋದರೆ ತೋರಿಸೋಣ ಎಂದು ನೋಡಿದರೆ ಯಾರೂ ಹೋಗಲಿಲ್ಲ. ಟಪಾಲಿನವಳು ಬಂದಾಗ ಮೆಟ್ಟಿಲಿಳಿದು ಹೋಗಿ ಸ್ವಲ್ಪ ಹೊತ್ತು ಮಾತಾಡಿಸಿದೆ. ಬೆಳಗಿನಿಂದ ನಾನು ಮಾತಾಡಿದ್ದು ಅಷ್ಟೇ.

ರೇಖಾ ನಾಲ್ಕು ಗಂಟೆಗೆ ಬಂದಳು. ಚಪ್ಪಲಿ ಬಿಡುತ್ತಲೇ ಮಾತು. ಯಾವ ಹುಡುಗ ಭಾಗಾಕಾರಕ್ಕೆ ಹೆದರುತ್ತಾನೆ, ಯಾವ ಮೇಡಂ ಹೇಗೆ, ಊಟದ ಕೋಣೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ. ಐದು ವರ್ಷದಲ್ಲಿ ಇಷ್ಟು ಮಾತು ಈ ಮನೆಯಲ್ಲಿ ಆಗಿರಲಿಲ್ಲ. ಕೇಳುತ್ತ ಕೂತೆ. ನನ್ನ ಹೆಗಲ ಮೇಲೆ ರಕ್ಷಿತಾ ನಿದ್ದೆ ಹೋಗಿದ್ದಳು. ಮಾತಾಡುತ್ತಲೇ ಅವಳನ್ನು ತೆಗೆದುಕೊಳ್ಳಲು ರೇಖಾ ಕೈ ಚಾಚಿದಳು. ಕೂಸು ನಿದ್ದೆಯಲ್ಲೇ ನನ್ನ ಅಂಗಿ ಬಿಗಿಯಾಗಿ ಹಿಡಿಯಿತು. ರೇಖಾ ಕೈ ಹಿಂದಕ್ಕೆ ತೆಗೆದುಕೊಂಡಳು.

ಆಮೇಲೆ ಮೆಲ್ಲಗೆ ಹೇಳಿದಳು. "ಅವತ್ತು ಎಲ್ಲಾರೂ ಬ್ಯಾಡ ಅಂದ್ರು. ಅವ್ವ ಅಂದ್ಲು, ಅಣ್ಣ ಅಂದ, ಡಾಕ್ಟರ್ ಬಾಯಿ ಅಂದ್ರು. ನೀವೊಬ್ರ ಅನ್ನಲಿಲ್ಲ. ನೀವು ಬ್ಯಾಡ ಅಂದಿದ್ರ ನಾ ಬರ್ತಿರಲಿಲ್ಲ. ಅದನ್ನ ಮಾತ್ರ ನಾ ಮರಿಯೂದಿಲ್ರಿ."

ಸುಮ್ಮನಿದ್ದದ್ದು ನಿನ್ನ ಮೇಲಿನ ಭರವಸೆಯಿಂದಲ್ಲ, ನನಗೂ ಆ ಅರ್ಜಿ ಬೇಕಿತ್ತು, ನೀನಾಗಿಯೇ ಬಂದರೆ ನನ್ನ ತಲೆಯ ಮೇಲೆ ಬರುವುದಿಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದೆ ಎಂದು ಹೇಳಬೇಕೆನಿಸಿತು. ಅವಳ ಮುಖ ನೋಡಿದರೆ ಅದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ.

"ಮರಿಯೂದಿಲ್ಲ ಅಂದ್ರ, ಒಳ್ಳೇದಕ್ಕೋ ಕೆಟ್ಟದ್ದಕ್ಕೋ?" ಎಂದು ಕೇಳಿದೆ.

ಅವಳು ಕೂಸಿನ ಮುಷ್ಟಿಯನ್ನೇ ನೋಡುತ್ತಿದ್ದಳು.

"ಎರಡಕ್ಕೂ" ಅಂದಳು. ಆಮೇಲೆ ಎದ್ದು, ನಾಳೆ ಬೆಳಗ್ಗೆ ಬೇಗ ಹೋಗಬೇಕೆಂದು ಸೀರೆಗೆ ಇಸ್ತ್ರಿ ಹಾಕಲು ಹೋದಳು.